ಸ್ಕೈರಿಮ್‌ನಲ್ಲಿ ಯಾವ ಸೇನೆ: ಇಂಪೀರಿಯಲ್ ಲೀಜನ್ನೋ, ಸ್ಟಾರ್ಮ್‌ಕ್ಲೋಕೋ?

2011ರಲ್ಲಿ ಬಂದ ಸ್ಕೈರಿಮ್ ಎಂಬ ವಿಡಿಯೋ ಗೇಮ್‌ನಲ್ಲಿ ಸಾಮ್ರಾಜ್ಯದ ಸೇನೆಯಾದ ಇಂಪೀರಿಯಲ್ ಲೀಜನ್‌ಗೂ ಅದರ ವಿರುದ್ಧ ದಂಗೆ ಎದ್ದಿರುವ ಸ್ಟಾರ್ಮ್‌ಕ್ಲೋಕ್‌ಗಳಿಗೂ ಯುದ್ಧ ನಡೆಯುತ್ತಿರುತ್ತದೆ. ಯಾವುದಾದರೂ ಸೇನೆ ಸೇರುವುದು ಕಡ್ಡಾಯವಲ್ಲ. ಸೇರುವುದಾದರೆ ಮಾತ್ರ ಸ್ವಲ್ಪ ಯೋಚಿಸಿ.

ಲೀಜನ್ ಸೇರಲು ಸಾಲಿಟ್ಯೂಡ್ ನಗರಕ್ಕೆ ಹೋಗಬೇಕು. ಮೊದಲ ಪರೀಕ್ಷೆ, ಹ್ರ್ಯಾಗ್‌ಸ್ಟಾಡ್ ಕೋಟೆಯ ಡಕಾಯಿತರನ್ನು ಮುಗಿಸುವುದು. ಹೊಸಬರಿಗೆ ಇದು ಕಷ್ಟವೇ. ಆದರೆ ಹಗುರ, ಭಾರಿ ಕವಚಗಳಲ್ಲಿ ನಿಮಗೆ ಬೇಕಾದ್ದನ್ನು ಆರಿಸಿಕೊಳ್ಳಬಹುದು.

ವಿಂಡ್‌ಹೆಲ್ಮ್ ನಗರದ ಸ್ಟಾರ್ಮ್‌ಕ್ಲೋಕ್‌ಗಳು ಒಂಟಿ ದ್ವೀಪಕ್ಕೆ ಕಳಿಸಿ ಒಂದೇ ಒಂದು ಮಂಜಿನ ಪಿಶಾಚಿಯನ್ನು ಕೊಲ್ಲಲು ಹೇಳುತ್ತಾರೆ. ಕೆಲಸ ಬೇಗ ಮುಗಿಯುತ್ತದೆ. ಕೊಡುವ ಸಮವಸ್ತ್ರ ಹಗುರ ಕವಚ ಮಾತ್ರ.

ಆಮೇಲಿನ ಯುದ್ಧಗಳು ಎರಡೂ ಕಡೆ ಹೆಚ್ಚುಕಮ್ಮಿ ಒಂದೇ. ನಿಜವಾದ ವ್ಯತ್ಯಾಸ ವೈಟ್‌ರನ್ ಎಂಬ ಊರಿನಲ್ಲಿದೆ. ಲೀಜನ್ ಸೇರಿದರೆ ನೀವು ಆ ಊರನ್ನು ಕಾಯುತ್ತೀರಿ. ಸ್ಟಾರ್ಮ್‌ಕ್ಲೋಕ್ ಸೇರಿದರೆ ಅದರ ಮೇಲೇ ದಾಳಿ ಮಾಡಿ, ಅಲ್ಲಿನ ಯಾರ್ಲ್ (ಆಳುವ ದೊರೆ) ಬಾಲ್‌ಗ್ರೂಫ್‌ನನ್ನು ಗದ್ದುಗೆಯಿಂದ ಇಳಿಸಬೇಕು. ಮೊದಮೊದಲು ನಿಮ್ಮನ್ನು ಗೌರವಿಸಿದವನು ಅವನೇ ಅಲ್ವಾ? ನನಗೆ ಅದು ತುಂಬಾ ನೋವು ಕೊಟ್ಟಿತು. ವಿಂಡ್‌ಹೆಲ್ಮ್‌ನಲ್ಲಿ ಡಾರ್ಕ್ ಎಲ್ಫ್ ಜನಾಂಗದವರು ಬದುಕುವ ಕೊಳಕು ಕೇರಿ ನೋಡಿದ ಮೇಲಂತೂ ನಾನು ಲೀಜನ್ ಕಡೆಯೇ.

ಆದರೆ ತಾಲೋಸ್ ಎಂಬ ದೇವರ ಪೂಜೆಗೆ ಸಾಮ್ರಾಜ್ಯ ನಿಷೇಧ ಹೇರಿದ್ದು ಅನ್ಯಾಯ ಅನ್ನಿಸಿದರೆ ಸ್ಟಾರ್ಮ್‌ಕ್ಲೋಕ್ ಸೇರಿ. ಇನ್ನೂ ಗೊಂದಲವೇ? ಮೊನಚು ಕಿರೀಟ (ಜ್ಯಾಗ್ಡ್ ಕ್ರೌನ್) ತರುವ ಕೆಲಸದವರೆಗೆ ಆಡಿ. ಅದನ್ನು ಎದುರಾಳಿಗೆ ಒಪ್ಪಿಸಿ ಪಕ್ಷ ಬದಲಿಸಬಹುದು.