ಕಾರವಾರಕ್ಕೆ ಹೋದ ಅವಗ್ರಹ: ಫಾಂಟ್ ಸಮೇತ ಕಡತ ಕಳಿಸುವ ದಾರಿಗಳ ಹೋಲಿಕೆ

ಶಿರಸಿಯ ನಮ್ಮ ತಾಳಮದ್ದಳೆ ಕೂಟದ ಸ್ಮರಣ ಸಂಚಿಕೆಗೆ ಪುಟವಿನ್ಯಾಸ ಮಾಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಕರಡು ತಿದ್ದುವವರು ಕಾರವಾರದಲ್ಲಿರುವ ನಿವೃತ್ತ ಶಿಕ್ಷಕಿ, ನಮಗೆಲ್ಲ ಅಕ್ಕೋರು. ಅಚ್ಚಾಗುವುದು ಹುಬ್ಬಳ್ಳಿಯಲ್ಲಿ. ಲೇಖಕರು ಯಲ್ಲಾಪುರ, ಕುಮಟಾ, ಮುಂಬೈಗಳಲ್ಲಿ ಚದುರಿಹೋದವರು. ಶೀರ್ಷಿಕೆಗಳಿಗೆಂದು ನಾನು ಹಣ ಕೊಟ್ಟು ಒಂದು ಚೆಂದದ ಕನ್ನಡ ಫಾಂಟ್ ಕೊಂಡಿದ್ದೆ. ಒಳಪುಟಗಳಿಗೆ ನೋಟೊ ಸೆರಿಫ್ ಕನ್ನಡ ಎಂಬ ಉಚಿತ ಫಾಂಟ್. ವರ್ಡ್ ಕಡತವನ್ನು ಹಾಗೆಯೇ ಅಕ್ಕೋರಿಗೆ ಕಳಿಸಿದೆ.

ಸಂಜೆಗೆ ಅವರ ಫೋನು ಬಂತು. "ತಮ್ಮಾ, ನೀನು 64 ಪುಟ ಎಂದಿದ್ದೆ, ನನ್ನಲ್ಲಿ 69 ತೋರಿಸುತ್ತಿದೆ. ಪದ್ಯಗಳ ಸಾಲೆಲ್ಲ ಮುರಿದಿವೆ." ಅವರ ಕಂಪ್ಯೂಟರಿನಲ್ಲಿ ನನ್ನ ಎರಡೂ ಫಾಂಟುಗಳಿರಲಿಲ್ಲ. ವಿಂಡೋಸ್ ತನ್ನ ಬಳಿಯಿದ್ದ ನಿರ್ಮಲಾ ಯುಐಯನ್ನು ಆ ಜಾಗಕ್ಕೆ ತಂದು ಕೂರಿಸಿತ್ತು. ಭಾಮಿನಿ ಷಟ್ಪದಿಯ ಆರು ಸಾಲು ಎಂಟಾಗಿದ್ದವು. ಪದ್ಯ ಬಲ್ಲವರಿಗೆ ಅದು ಎಷ್ಟು ನೋವಿನ ನೋಟ ಎಂದು ನಾನು ವಿವರಿಸಬೇಕಿಲ್ಲ.

ಕೂಟದ ಗೆಳೆಯರು ಹೇಳಿದ ಪರಿಹಾರ ಒಂದೇ: "ಫಾಂಟ್ ಫೈಲನ್ನು ವಾಟ್ಸ್‌ಆ್ಯಪ್‌ನಲ್ಲಿ ಎಲ್ಲರಿಗೂ ಕಳಿಸಿಬಿಡು." ನಾನು ಕಳಿಸಲಿಲ್ಲ. ಕೊಂಡಾಗ ಬಂದ ಪರವಾನಗಿ ಪತ್ರದಲ್ಲಿ ಒಂದು ಕಂಪ್ಯೂಟರಿಗೆ ಮಾತ್ರ ಎಂದು ಬರೆದಿತ್ತು. ಕನ್ನಡ ಫಾಂಟ್ ಒಂದನ್ನು ತಯಾರಿಸುವುದೆಂದರೆ ಐವತ್ತು ಚಿಲ್ಲರೆ ಅಕ್ಷರ ಬರೆದು ಮುಗಿಸುವ ಕೆಲಸವಲ್ಲ. ಗುಣಿತ, ಒತ್ತಕ್ಷರ, ಒತ್ತಿನ ಮೇಲಿನ ಒತ್ತು, ಅರ್ಕಾವೊತ್ತು ಎಲ್ಲವೂ ಒಂದಕ್ಕೊಂದು ಹೊಂದುವಂತೆ ನೂರಾರು ಆಕಾರಗಳನ್ನು ಕೈಯಿಂದ ತಿದ್ದಬೇಕು. ಆ ದುಡಿಮೆಯನ್ನು ಪುಕ್ಕಟೆ ಹಂಚಿದರೆ ಮುಂದಿನ ಒಳ್ಳೆಯ ಫಾಂಟನ್ನು ಯಾರೂ ಮಾಡಲಾರರು. ಹಾಗಾಗಿ ಫಾಂಟನ್ನು ಪ್ರತ್ಯೇಕವಾಗಿ ಹಂಚದೆ, ಕಡತದೊಳಗೇ ಹುದುಗಿಸಿ ಕಳಿಸುವ ದಾರಿಗಳನ್ನು ಒಂದೊಂದಾಗಿ ಪರೀಕ್ಷಿಸಿದೆ. ಎಲ್ಲಕ್ಕೂ ಅದೇ ಎಂಟು ಪುಟದ ಪ್ರಸಂಗ, ಅದೇ ಎರಡು ಫಾಂಟು.

ಮೊದಲು ಅರ್ಥವಾದದ್ದು ಇದು: ಹುದುಗಿಸಬಹುದೋ ಇಲ್ಲವೋ ಎಂಬುದನ್ನು ತಂತ್ರಾಂಶಕ್ಕಿಂತ ಮುಂಚೆ ಫಾಂಟೇ ಹೇಳುತ್ತದೆ. ಓಪನ್‌ಟೈಪ್ ಎಂಬ ಬಗೆಯ ಫಾಂಟಿನೊಳಗಿನ ಓಎಸ್/2 ಎಂಬ ಕೋಷ್ಟಕದಲ್ಲಿ ಎಫ್‌ಎಸ್‌ಟೈಪ್ ಎಂಬ ಒಂದು ಸಂಖ್ಯೆ ಇರುತ್ತದೆ. 0 ಎಂದಿದ್ದರೆ ಹುದುಗಿಸಬಹುದು, ಪಡೆದವರು ತಮ್ಮ ಯಂತ್ರದಲ್ಲಿ ಕಾಯಂ ಆಗಿ ಇರಿಸಿಕೊಳ್ಳಲೂ ಬಹುದು. 8 ಎಂದರೆ ಆ ಕಡತ ತೆರೆದಿರುವಷ್ಟು ಹೊತ್ತು ಫಾಂಟ್ ಬಳಸಿ ತಿದ್ದಬಹುದು. 4 ಎಂದರೆ ನೋಡಲು ಮತ್ತು ಮುದ್ರಿಸಲು ಮಾತ್ರ. 2 ಎಂದರೆ ಮಾಲೀಕರ ಅನುಮತಿಯಿಲ್ಲದೆ ಹುದುಗಿಸುವಂತೆಯೇ ಇಲ್ಲ. ವಿಂಡೋಸ್‌ನಲ್ಲಿ ಇದನ್ನು ನೋಡುವುದು ಸುಲಭ: ಫಾಂಟ್ ಫೈಲಿನ ಮೇಲೆ ಬಲ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನ ಡೀಟೇಲ್ಸ್ ಪುಟಕ್ಕೆ ಹೋದರೆ ಫಾಂಟ್ ಎಂಬೆಡಬಿಲಿಟಿ ಎಂಬ ಸಾಲು ಕಾಣುತ್ತದೆ. ನನ್ನ ನೋಟೊ 'ಇನ್‌ಸ್ಟಾಲಬಲ್' ಎಂದಿತು. ಕೊಂಡ ಫಾಂಟ್ 'ರಿಸ್ಟ್ರಿಕ್ಟೆಡ್'.

ಈ ಸಂಖ್ಯೆಯೇ ಪರವಾನಗಿಯಲ್ಲ ಎಂಬುದನ್ನೂ ಹೇಳಲೇಬೇಕು. ತಯಾರಕರು ಗಮನಿಸದೆ 0 ಬಿಟ್ಟಿರಬಹುದು, ಜೊತೆಗಿನ ಪತ್ರ ಬೇಡವೆನ್ನಬಹುದು. ಆಗ ಪತ್ರದ ಮಾತೇ ಮಾತು.

ಈಗ ವರ್ಡ್. ಆಪ್ಷನ್ಸ್‌ನ ಸೇವ್ ಭಾಗದಲ್ಲಿ ಫಾಂಟುಗಳನ್ನು ಕಡತದಲ್ಲಿ ಹುದುಗಿಸುವ ಗುರುತು ಇದೆ. ಅದರ ಕೆಳಗೆ, ಬಳಸಿದ ಅಕ್ಷರಗಳನ್ನಷ್ಟೇ ಹುದುಗಿಸುವ ಇನ್ನೊಂದು ಗುರುತು. ಕಡತ ಹಗುರಾಗಲಿ ಎಂದು ನಾನು ಎರಡನ್ನೂ ಹಾಕಿದೆ. ಅದು ತಪ್ಪಾಯಿತು. ಅಕ್ಕೋರು ಒಂದು ಪದ್ಯದಲ್ಲಿ ನಾನು ಬಿಟ್ಟಿದ್ದ ಅವಗ್ರಹ ಎಂಬ ಚಿಹ್ನೆಯನ್ನು (ಽ) ಸೇರಿಸಿದರು. ಆ ಎಂಟು ಪುಟದಲ್ಲಿ ಬೇರೆಲ್ಲೂ ಅವಗ್ರಹವಿರಲಿಲ್ಲವಾದ್ದರಿಂದ ಹುದುಗಿದ ತುಣುಕು ಫಾಂಟಿನಲ್ಲಿ ಅದರ ಆಕಾರವೇ ಇರಲಿಲ್ಲ. ಸಾಲಿನ ನಡುವೆ ಆ ಒಂದು ಚಿಹ್ನೆ ಬೇರೆ ಫಾಂಟಿನದಾಗಿ ದಪ್ಪಗೆ ಎದ್ದು ನಿಂತಿತು. ಎರಡನೆಯ ಗುರುತು ತೆಗೆದು ಪೂರ್ತಿ ಫಾಂಟ್ ಹುದುಗಿಸಿದ ಮೇಲೆ ನೋಟೊದ ಪಠ್ಯವೆಲ್ಲ ಸರಿಹೋಯಿತು, ಎಂಟು ಪುಟ ಎಂಟಾಗಿಯೇ ಉಳಿಯಿತು. ಕನ್ನಡ ಫಾಂಟುಗಳು ಚೀನೀ ಫಾಂಟುಗಳಂತೆ ಭಾರವಲ್ಲ. ತಿದ್ದಲು ಕಳಿಸುವ ಕಡತದಲ್ಲಿ ಆ ಉಳಿತಾಯಕ್ಕೆ ಅರ್ಥವೇ ಇಲ್ಲ.

ಕೊಂಡ ಫಾಂಟಿನ ವಿಷಯದಲ್ಲಿ ವರ್ಡ್ ನಿಯಮ ಪಾಲಿಸಿತು, ಅದನ್ನು ಒಳಗೆ ಸೇರಿಸಲಿಲ್ಲ. ನನಗೆ ಅದು ಗೊತ್ತಾದದ್ದು ಮಾತ್ರ ಕಡತದ ಹೆಸರಿನ ಕೊನೆಗೆ ಜಿಪ್ ಎಂದು ಬದಲಿಸಿ, ಒಳಗಿನ ಫಾಂಟ್ಸ್ ಎಂಬ ಫೋಲ್ಡರ್ ತೆರೆದಾಗ. ಗುರುತು ಹಾಕಿದ್ದೇವೆ, ಆದ್ದರಿಂದ ಹೋಗಿದೆ ಎಂದು ನಂಬಿ ಕೂರಬೇಡಿ. ಹೀಗೆ ತೆರೆದು ನೋಡುವುದೊಂದೇ ಖಾತ್ರಿ.

ವರ್ಡ್‌ನಂಥದೇ ಉಚಿತ ತಂತ್ರಾಂಶವಾದ ಲಿಬ್ರೆಆಫೀಸ್‌ನಲ್ಲಿ ಇದೇ ಸೌಲಭ್ಯ ಕಡತದ ಪ್ರಾಪರ್ಟೀಸ್‌ನ ಫಾಂಟ್ ಪುಟದಲ್ಲಿದೆ. ಹೊಸ ಆವೃತ್ತಿಗಳಲ್ಲಿ ಲ್ಯಾಟಿನ್, ಏಷ್ಯನ್, ಕಾಂಪ್ಲೆಕ್ಸ್ ಎಂದು ಮೂರು ಬಗೆಯ ಲಿಪಿಗಳಿಗೆ ಬೇರೆ ಬೇರೆ ಗುರುತುಗಳಿವೆ. ಕನ್ನಡವನ್ನು 'ಏಷ್ಯನ್' ಅಡಿಯಲ್ಲಿ ಹುಡುಕಿದರೆ ಸಿಗುವುದಿಲ್ಲ, ಅದು ಚೀನೀ, ಜಪಾನೀ, ಕೊರಿಯನ್ ಲಿಪಿಗಳಿಗೆ ಮೀಸಲು. ನಮ್ಮದು ಕಾಂಪ್ಲೆಕ್ಸ್. ಆ ಗುರುತು ತಪ್ಪಿದರೆ ಇಂಗ್ಲಿಷ್ ಫಾಂಟ್ ಮಾತ್ರ ಹೋಗಿ ಕನ್ನಡದ್ದು ಇಲ್ಲೇ ಉಳಿಯುತ್ತದೆ. ಇದನ್ನು ಸರಿಪಡಿಸಿಕೊಂಡ ಮೇಲೆ ಫಲಿತಾಂಶ ವರ್ಡ್‌ನಷ್ಟೇ ಚೆನ್ನಾಗಿತ್ತು, ನಿರ್ಬಂಧವಿದ್ದ ಫಾಂಟನ್ನು ಇದೂ ಬಿಟ್ಟಿತು. ಸಂಚಿಕೆಯಲ್ಲಿದ್ದ ದೇವನಾಗರಿಯ ಕೊಂಕಣಿ ಲೇಖನಕ್ಕೂ ಅದೇ ಗುರುತು ಸಾಕಾಯಿತು.

ಗೂಗಲ್ ಡಾಕ್ಸ್‌ನಲ್ಲಿ ಹುದುಗಿಸುವ ಪ್ರಶ್ನೆಯೇ ಇಲ್ಲ. ನಮ್ಮ ಸ್ವಂತ ಫಾಂಟನ್ನು ಅಲ್ಲಿಗೆ ಏರಿಸಲಾಗುವುದಿಲ್ಲ. ಅವರ ಸಂಗ್ರಹದಲ್ಲಿರುವುದನ್ನೇ ಆರಿಸಿಕೊಳ್ಳಬೇಕು. ನೋಟೊ, ಟಿರೊ ಕನ್ನಡ, ಬಲೂ ತಮ್ಮ, ಅನೇಕ್ ಕನ್ನಡ ಇಂಥವು ಆ ಸಂಗ್ರಹದಲ್ಲಿವೆ, ಪರವಾನಗಿಯ ತಕರಾರಿಲ್ಲ. ಮುಂಬೈಯ ಲೇಖಕರು ಇದನ್ನೇ ಮೆಚ್ಚಿದರು. ನನಗೆ ಹಿಡಿಸಲಿಲ್ಲ. ಮಳೆಗಾಲದಲ್ಲಿ ಘಟ್ಟದ ಮೇಲೆ ಕರೆಂಟೂ ನೆಟ್‌ವರ್ಕೂ ಒಟ್ಟಿಗೇ ಹೋಗುತ್ತವೆ, ಪುಟದ ಮೇಲಿನ ಹಿಡಿತವೂ ವರ್ಡ್‌ನಷ್ಟು ಬಿಗಿಯಿಲ್ಲ. ಲೇಖನ ಬರೆಸಿಕೊಳ್ಳಲು ಒಳ್ಳೆಯದು, ಪುಟ ಕಟ್ಟಲು ಅಲ್ಲ.

ಒಬ್ಬರ ಲೇಖನ ಮಾತ್ರ ಯೂನಿಕೋಡ್‌ಗಿಂತ (ಪ್ರತಿ ಲಿಪಿಯ ಅಕ್ಷರಗಳಿಗೂ ತಮ್ಮದೇ ಸಂಖ್ಯೆ ಕೊಡುವ ಮಾನಕ) ಹಿಂದಿನ ಹಳೆಯ ಫಾಂಟಿನಲ್ಲಿ ಬಂತು. ಅಂಥ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿಕೊಂಡಿರುತ್ತವೆ. ಫಾಂಟ್ ಇಲ್ಲದ ಯಂತ್ರದಲ್ಲಿ ಯೂನಿಕೋಡ್ ಪಠ್ಯದ ಪುಟ ಹಿಗ್ಗಬಹುದು, ಓದಲಂತೂ ಬರುತ್ತದೆ. ಇದು ಓದಲಿಕ್ಕೇ ಬರುವುದಿಲ್ಲ. ಹುದುಗಿಸಿ ಕಳಿಸಿದರೆ ಕಣ್ಣಿಗೆ ಕನ್ನಡ ಕಂಡೀತು, ಆದರೆ ಹುಡುಕಿದರೆ ಒಂದು ಪದವೂ ಸಿಗುವುದಿಲ್ಲ. ಯೂನಿಕೋಡ್‌ಗೆ ಪರಿವರ್ತಿಸಿಯೇ ಸೇರಿಸಿದೆ.

ಪಿಡಿಎಫ್ ಬಗ್ಗೆ ಹೆಚ್ಚು ಹೇಳಬೇಕು, ಏಕೆಂದರೆ ಮುದ್ರಣಾಲಯದವರು ಕೇಳುವುದು ಅದನ್ನೇ. ಪಿಡಿಎಫ್ ಮಾಡುವಾಗ ಸಾಮಾನ್ಯವಾಗಿ ಬಳಸಿದ ಅಕ್ಷರಗಳಷ್ಟೇ ಒಳಗೆ ಹೋಗುತ್ತವೆ, ಅಚ್ಚಿಗೆ ಅಷ್ಟೇ ಸಾಕು. ಕಡತದ ಪ್ರಾಪರ್ಟೀಸ್‌ನಲ್ಲಿ ಫಾಂಟಿನ ಹೆಸರಿನ ಮುಂದೆ 'ಎಂಬೆಡೆಡ್ ಸಬ್‌ಸೆಟ್' ಎಂದು ಕಂಡರೆ ನಿಶ್ಚಿಂತೆ. ನೋಟೊದಲ್ಲಿದ್ದ ಒಳಪುಟಗಳು ಹುಬ್ಬಳ್ಳಿಯಲ್ಲಿ ತೆರೆದಾಗ ಗೆರೆಯಷ್ಟೂ ಅಲುಗಿರಲಿಲ್ಲ. ಶೀರ್ಷಿಕೆಗಳು ಮಾತ್ರ ಮಸುಕು. ವರ್ಡ್‌ನ ಪಿಡಿಎಫ್ ಆಯ್ಕೆಗಳಲ್ಲಿ, ಹುದುಗಿಸಲು ಅನುಮತಿಯಿಲ್ಲದ ಫಾಂಟಿನ ಪಠ್ಯವನ್ನು ಚಿತ್ರವಾಗಿಸುವ ಒಂದು ಗುರುತು ಇದೆ. ಅದು ತನ್ನ ಕೆಲಸ ಮಾಡಿತ್ತು. ಪರದೆಯ ಮೇಲೆ ಚೆಂದ ಕಂಡ ಅಕ್ಷರ ಕಾಗದದ ಮೇಲೆ ಅಂಚು ಹರಿದಂತೆ ಬಂತು.

"ಕರ್ವ್ ಮಾಡಿ ಕಳಿಸಿ" ಎಂದರು ಮುದ್ರಣಾಲಯದವರು. ಅಕ್ಷರಗಳನ್ನು ಬರೀ ಗೆರೆಗಳ ಚಿತ್ರವಾಗಿಸುವ ಕ್ರಮ ಇದು. ಫಾಂಟ್ ಎಂಬುದೇ ಕಡತದಲ್ಲಿ ಉಳಿಯುವುದಿಲ್ಲ, ಅಂಚು ಚೂಪಾಗಿ ಬರುತ್ತದೆ. ಫಾಂಟ್ ಮಾರಿದವರಿಗೆ ಬರೆದು ಕೇಳಿದೆ, ಅಚ್ಚಿಗಾಗಿ ಹೀಗೆ ಮಾಡಲು ಒಪ್ಪಿಗೆ ಕೊಟ್ಟರು. ಕೇಳಿದ್ದು ಒಳ್ಳೆಯದಾಯಿತು. ತೊಂದರೆಯೂ ಇದೆ: ಕರ್ವ್ ಆದ ಮೇಲೆ ಒಂದು ದೀರ್ಘವನ್ನೂ ತಿದ್ದಲಾಗದು. ಕೊನೆಯ ಕರಡು ಮುಗಿದ ಮೇಲಷ್ಟೇ ಈ ಕೆಲಸಕ್ಕೆ ಕೈ ಹಾಕಬೇಕು.

ಪಿಡಿಎಫ್‌ನ ಇನ್ನೊಂದು ಕೊರತೆ ಕನ್ನಡದವರಿಗೆ ವಿಶೇಷವಾಗಿ ತಟ್ಟುತ್ತದೆ. ಅದು ಕಾಪಾಡುವುದು ಆಕಾರಗಳನ್ನು. ಆಕಾರದಿಂದ ಅಕ್ಷರಕ್ಕೆ ಹಿಂದಿರುಗುವ ದಾರಿ ಒತ್ತಕ್ಷರಗಳಲ್ಲಿ ಹಲವು ಸಲ ತಪ್ಪುತ್ತದೆ. ಅಕ್ಕೋರು ಪಿಡಿಎಫ್‌ನಿಂದ ಒಂದು ಪದ್ಯ ನಕಲು ಮಾಡಿ ಅಂಟಿಸಿದಾಗ ಒತ್ತುಗಳು ಅಸ್ತವ್ಯಸ್ತವಾಗಿದ್ದವು. ಇದಕ್ಕೆ ನನಗೆ ಸಿಕ್ಕ ಅತ್ಯುತ್ತಮ ಮದ್ದು ಲಿಬ್ರೆಆಫೀಸ್‌ನ ಹೈಬ್ರಿಡ್ ಪಿಡಿಎಫ್. ಪಿಡಿಎಫ್‌ನ ಹೊಟ್ಟೆಯೊಳಗೇ ತಿದ್ದಬಹುದಾದ ಮೂಲ ಕಡತವೂ ಕೂತಿರುತ್ತದೆ. ಮೊಬೈಲಿನಲ್ಲಿ ಓದುವವರಿಗೆ ಅದು ಮಾಮೂಲಿ ಪಿಡಿಎಫ್, ಲಿಬ್ರೆಆಫೀಸ್‌ನಲ್ಲಿ ತೆರೆದವರಿಗೆ ಮೂಲ ಪಠ್ಯ. ಕಡತಾಗಾರದ ಪ್ರತಿಗೆ ಮಾತ್ರ ಪಿಡಿಎಫ್/ಎ ಆರಿಸಿದೆ. 2005ರಲ್ಲಿ ಐಎಸ್‌ಒದ ಅಂತರರಾಷ್ಟ್ರೀಯ ಮಾನಕವಾದ ಈ ಬಗೆಯಲ್ಲಿ ಬಳಸಿದ ಫಾಂಟುಗಳೆಲ್ಲ ಒಳಗಿರಲೇಬೇಕೆಂಬ ನಿಯಮವಿದೆ. ಇಪ್ಪತ್ತು ವರ್ಷದ ಮೇಲೆ ತೆರೆಯುವವರಿಗೆ ನಮ್ಮ ಪದ್ಯ ಹೇಗೆ ಕಂಡೀತು ಎಂಬ ಚಿಂತೆ ಇರುವವರಿಗೆ ಇದೇ ಸರಿ.

ಇಷ್ಟು ನೋಡಿದ ಮೇಲೆ ನನ್ನ ನಿಲುವು ಗಟ್ಟಿಯಾಯಿತು. ಹಲವರ ಕೈ ದಾಟುವ ಕಡತಕ್ಕೆ ಮೊದಲ ದಿನವೇ ಎಸ್‌ಐಎಲ್ ಓಪನ್ ಫಾಂಟ್ ಲೈಸೆನ್ಸ್ ಎಂಬ ಮುಕ್ತ ಪರವಾನಗಿಯ ಫಾಂಟ್ ಆರಿಸಬೇಕು. ಆ ಪರವಾನಗಿಯ 1.1 ಆವೃತ್ತಿ 2007ರಿಂದ ಬಳಕೆಯಲ್ಲಿದೆ. ಹುದುಗಿಸಬಹುದು, ಹಂಚಬಹುದು, ಬಿಡಿಯಾಗಿ ಮಾರುವಂತಿಲ್ಲ. ಅಂಥ ಫಾಂಟಿನಲ್ಲಿ ಬರೆದ ಕಡತಕ್ಕೂ ಅದೇ ಪರವಾನಗಿ ಅಂಟಿಕೊಳ್ಳುತ್ತದೆ ಎಂಬ ಭಯ ನಮ್ಮ ಕೂಟದ ಒಬ್ಬರಿಗಿತ್ತು. ಹಾಗಾಗುವುದಿಲ್ಲವೆಂದು ಐದನೆಯ ಷರತ್ತಿನಲ್ಲೇ ಬರೆದಿದೆ. ಕಳಿಸುವವರು, ತಿದ್ದುವವರು ಇಬ್ಬರ ಬಳಿಯೂ ವರ್ಡ್ ಇದ್ದರೆ ಪೂರ್ತಿ ಫಾಂಟ್ ಹುದುಗಿಸಿದ ವರ್ಡ್ ಕಡತ, ಇಲ್ಲವಾದರೆ ಹೈಬ್ರಿಡ್ ಪಿಡಿಎಫ್. ಕೊಂಡ ಫಾಂಟಿಗೆ ಮುಖಪುಟದಲ್ಲಿ, ಕರ್ವ್ ಆದ ರೂಪದಲ್ಲಿ, ಗೌರವದ ಜಾಗ ಇದ್ದೇ ಇದೆ. ಸಂಚಿಕೆಯನ್ನು ಇ-ಪುಸ್ತಕವಾಗಿಸುವ ಮಾತು ಈಗ ನಡೆದಿದೆ. ಇ-ಪುಸ್ತಕಕ್ಕೆ ಬೇರೆಯೇ ಪರವಾನಗಿ ಮಾರುವವರು ಬಹಳ ಮಂದಿ ಇರುವುದರಿಂದ ಆ ಫಾಂಟನ್ನು ಅಲ್ಲಿಗೆ ಒಯ್ಯುತ್ತಿಲ್ಲ.

ಒಳಶೀರ್ಷಿಕೆಗಳನ್ನೆಲ್ಲ ಟಿರೊ ಕನ್ನಡಕ್ಕೆ ಬದಲಿಸಿ ಎರಡನೆಯ ಕರಡನ್ನು ಕಾರವಾರಕ್ಕೆ ಕಳಿಸಿದೆ. ಅಕ್ಕೋರು ಇನ್ನೂ ಮೂರು ಕಡೆ ಅವಗ್ರಹ ಹಾಕಿ ಮರಳಿಸಿದ್ದಾರೆ. ಮೂರೂ ಅಕ್ಕಪಕ್ಕದ ಅಕ್ಷರಗಳ ಜೊತೆ ಒಂದೇ ಫಾಂಟಿನಲ್ಲಿ ಕೂತಿವೆ, ಷಟ್ಪದಿಗಳಿಗೆ ಆರಾರು ಸಾಲು.