ತೋಳಿನ ಶಸ್ತ್ರಚಿಕಿತ್ಸೆಗೆ ‘ಈಗಲೇ ಬೇಡ’ ಎಂದ ವೈದ್ಯರ ಸೇವೆ: ನನ್ನ ಅನುಭವ

ಜೋಲುಬಿದ್ದ ತೋಳಿನ ಚರ್ಮವನ್ನು ತೆಗೆಸಿಕೊಳ್ಳಬೇಕೆಂದು ನಾನು ಪ್ಲಾಸ್ಟಿಕ್ ಸರ್ಜನ್ ಒಬ್ಬರ ಬಳಿ ಮೊದಲ ಸಲ ಹೋದಾಗ, ಅವರು ಮುಕ್ಕಾಲು ಗಂಟೆ ಪರೀಕ್ಷಿಸಿ, ಮಾತನಾಡಿಸಿ, ಕೊನೆಗೆ ‘ನಿಮಗೆ ಈ ಶಸ್ತ್ರಚಿಕಿತ್ಸೆ ಬೇಕು, ಆದರೆ ಈಗಲೇ ಬೇಡ’ ಎಂದು ಹೇಳಿ ಕಳುಹಿಸಿದರು. ಅಂದು ನನಗೆ ಬಹಳ ಬೇಸರವಾಗಿತ್ತು. ಶಸ್ತ್ರಚಿಕಿತ್ಸೆ ಮುಗಿದು 14 ತಿಂಗಳಾಗಿರುವ ಈಗ, ಆ ಸೇವೆಗೆ ಐದರಲ್ಲಿ ನಾಲ್ಕು ಅಂಕ ಕೊಡುತ್ತಿದ್ದೇನೆ. ಅವುಗಳಲ್ಲಿ ಎರಡಾದರೂ ಆ ಒಂದು ಮಾತಿಗೇ ಸಲ್ಲಬೇಕು.

ಜಠರವನ್ನು ಕಿರಿದಾಗಿಸುವ ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆಯ ನಂತರ ನನ್ನ ತೂಕ 104 ಕಿಲೋದಿಂದ ಇಳಿಯುತ್ತಾ ಬಂದು ಹತ್ತನೇ ತಿಂಗಳಿಗೆ 72 ಕಿಲೋ ಆಗಿತ್ತು. ಕೊಬ್ಬು ಕರಗಿದರೂ ಅದನ್ನು ಹೊತ್ತಿದ್ದ ಚರ್ಮ ಹಾಗೆಯೇ ಉಳಿದು, ತೋಳೆತ್ತಿದರೆ ಜೋಳಿಗೆಯಂತೆ ತೂಗುತ್ತಿತ್ತು. ಬೆವರಿದಾಗ ಕಂಕುಳ ಬಳಿ ಉಜ್ಜಿ ಕೆಂಪಾಗುತ್ತಿತ್ತು. ತೋಳಿಗೆ ಹೊಂದುವ ಅಂಗಿ ಎದೆಗೆ ದೊಗಳೆಯಾಗುತ್ತಿತ್ತು. ಇದಕ್ಕೂ ಮೊದಲು ನಾನು ವಿಚಾರಿಸಿದ್ದ ಬೇರೊಂದು ಕ್ಲಿನಿಕ್‌ನಲ್ಲಿ, ತೂಕ ಇನ್ನೂ ಇಳಿಯುತ್ತಿದೆಯೇ ಎಂದು ಕೇಳುವ ಗೋಜಿಗೂ ಹೋಗದೆ ಮುಂದಿನ ವಾರದ ದಿನಾಂಕ ಕೊಡಲು ಮುಂದಾಗಿದ್ದರು. ಆಗ ಅದು ನನಗೆ ಚುರುಕಾದ ಸೇವೆಯೆಂದೇ ಕಂಡಿತ್ತು.

ಈ ವೈದ್ಯರು ಮಾತ್ರ ಹಿಂದಿನ ಆರು ತಿಂಗಳ ತೂಕವನ್ನು ತಿಂಗಳುವಾರು ಬರೆದು ತೋರಿಸಲು ಹೇಳಿದರು. ಪ್ರತಿ ತಿಂಗಳೂ ಎರಡು ಕಿಲೋ ಇಳಿಯುತ್ತಲೇ ಇತ್ತು. ಎಷ್ಟು ಚರ್ಮವನ್ನು ಕತ್ತರಿಸಿ ತೆಗೆಯಬೇಕೆಂಬುದು ಶಸ್ತ್ರಚಿಕಿತ್ಸೆಯ ದಿನ ತೋಳು ಇದ್ದ ಸ್ಥಿತಿಯ ಮೇಲೆ ನಿರ್ಧಾರವಾಗುತ್ತದೆ. ಆಮೇಲೂ ತೂಕ ಇಳಿದರೆ ಬಿಗಿಯಾಗಿದ್ದ ತೋಳು ಮತ್ತೆ ಸಡಿಲವಾಗುತ್ತದೆ, ಏರಿದರೆ ಹೊಲಿಗೆಯ ಗುರುತು ಎಳೆದು ಅಗಲವಾಗುತ್ತದೆ ಎಂದು ಅವರು ನನ್ನ ತೋಳನ್ನೇ ಹಿಡಿದು ತೋರಿಸಿದರು. ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆಯಾದವರು ಸಾಮಾನ್ಯವಾಗಿ 12ರಿಂದ 18 ತಿಂಗಳು ಕಾದು, ತೂಕ ಒಂದೇ ಮಟ್ಟದಲ್ಲಿ ಕೆಲವು ತಿಂಗಳಾದರೂ ನಿಂತ ಮೇಲೆ ಬರುವುದು ಒಳ್ಳೆಯದು, ನನ್ನ ವಿಷಯದಲ್ಲಿ ಆರು ತಿಂಗಳ ಸ್ಥಿರತೆ ಬೇಕು ಎಂದರು. ತೂಕ ಇಳಿಸುವ ಚುಚ್ಚುಮದ್ದು ತೆಗೆದುಕೊಳ್ಳುತ್ತಿರುವವರಿಗೂ ಇದೇ ಮಾತು ಅನ್ವಯಿಸುತ್ತದೆ. ಜೊತೆಗೆ ಅವುಗಳಲ್ಲಿ ಕೆಲವು ಹೊಟ್ಟೆ ಖಾಲಿಯಾಗುವುದನ್ನು ನಿಧಾನಗೊಳಿಸುವುದರಿಂದ ಅರಿವಳಿಕೆ ವೈದ್ಯರಿಗೆ ಮೊದಲೇ ತಿಳಿಸುವುದು ಅಗತ್ಯ.

ನಾನು ಎಣಿಸಿಯೇ ಇರದಿದ್ದ ಇನ್ನೊಂದು ಕಾರಣ ರಕ್ತಪರೀಕ್ಷೆಯಲ್ಲಿ ಸಿಕ್ಕಿತು. ಹಿಮೋಗ್ಲೋಬಿನ್ 9.8 ಇತ್ತು, ಪ್ರೋಟೀನ್ ಮಟ್ಟವೂ ಕಡಿಮೆಯಿತ್ತು. ಊಟದ ಪ್ರಮಾಣ ಕುಗ್ಗಿದವರಲ್ಲಿ ಕಬ್ಬಿಣಾಂಶ, ಬಿ12, ಪ್ರೋಟೀನ್ ಇವೆಲ್ಲ ಕುಸಿಯುವುದು ಅಪರೂಪವಲ್ಲ. ಕಂಕುಳಿನಿಂದ ಮೊಣಕೈವರೆಗಿನ ಅಷ್ಟುದ್ದದ ಗಾಯ ಕೂಡಬೇಕಾದರೆ ದೇಹದಲ್ಲಿ ಅದಕ್ಕೆ ಬೇಕಾದ ಸಾಮಗ್ರಿ ಇರಬೇಕಲ್ಲವೇ? ಕನ್ನಡಿಯ ಮುಂದೆ ನಿಂತು ತೋಳನ್ನು ಚಿವುಟಿ ನೋಡಿಕೊಂಡು ದಿನಾಂಕ ನಿರ್ಧರಿಸಲು ಹೊರಟಿದ್ದ ನನಗೆ ಈ ವಿಚಾರ ಹೊಳೆದಿರಲೇ ಇಲ್ಲ. ಧೂಮಪಾನ ಮಾಡುವವರು ಕನಿಷ್ಠ ನಾಲ್ಕು ವಾರ ಮೊದಲೇ ಬಿಟ್ಟಿರಬೇಕು, ಏಕೆಂದರೆ ನಿಕೋಟಿನ್ ರಕ್ತನಾಳಗಳನ್ನು ಕುಗ್ಗಿಸಿ ಗಾಯದ ಅಂಚಿಗೆ ರಕ್ತ ತಲುಪದಂತೆ ಮಾಡುತ್ತದೆ, ಮಧುಮೇಹ ಹತೋಟಿಯಲ್ಲಿರಬೇಕು. ಇವೆರಡೂ ನನಗೆ ಸಂಬಂಧಿಸಿರಲಿಲ್ಲ.

ಪರೀಕ್ಷೆಯ ರೀತಿ ನನಗೆ ಬಹಳ ಮೆಚ್ಚುಗೆಯಾಯಿತು. ನೇತಾಡುತ್ತಿರುವುದರಲ್ಲಿ ಕೊಬ್ಬೆಷ್ಟು, ಬರಿಯ ಚರ್ಮವೆಷ್ಟು ಎಂದು ಬೆರಳುಗಳ ನಡುವೆ ಹಿಡಿದು ಅಳೆದರು. ಚರ್ಮಕ್ಕೆ ಕುಗ್ಗುವ ಶಕ್ತಿ ಇನ್ನೂ ಇದ್ದು ಕೊಬ್ಬೇ ಹೆಚ್ಚಾಗಿದ್ದರೆ ಕೊಬ್ಬನ್ನು ಕೊಳವೆಯಿಂದ ಹೀರಿ ತೆಗೆಯುವ ಲೈಪೋಸಕ್ಷನ್ ಮಾತ್ರ ಸಾಕಾಗಬಹುದು. ಸಡಿಲಿಕೆ ತೋಳಿನ ಮೇಲ್ಭಾಗದಲ್ಲಷ್ಟೇ ಇದ್ದರೆ ಕಂಕುಳಿನೊಳಗೆ ಅಡಗುವ ಚಿಕ್ಕ ಗಾಯದಲ್ಲಿ ಕೆಲಸ ಮುಗಿಯಬಹುದು. ನನಗೆ ಅವೆರಡೂ ಸಾಲುತ್ತಿರಲಿಲ್ಲ. ವ್ಯಾಯಾಮದ ಬಗ್ಗೆ ಕೇಳಿದೆ. ಅದರಿಂದ ಸ್ನಾಯು ಬಲಗೊಳ್ಳುತ್ತದೆ, ಆದರೆ ಎಳೆದು ಎಳೆದು ಸ್ಥಿತಿಸ್ಥಾಪಕತೆ ಕಳೆದುಕೊಂಡ ಚರ್ಮ ಹಿಂದಕ್ಕೆ ಬರುವುದಿಲ್ಲ ಎಂದು ನೇರವಾಗಿ ಹೇಳಿದರು. ಬಳಿಕ ಪೆನ್ನು ತೆಗೆದುಕೊಂಡು ನನ್ನ ತೋಳಿನ ಒಳಬದಿಯಲ್ಲಿ ಕಂಕುಳಿನಿಂದ ಮೊಣಕೈವರೆಗೆ ಗೆರೆ ಎಳೆದು, ‘ಈ ಗೆರೆ ಜೀವನಪೂರ್ತಿ ಇರುತ್ತದೆ, ಮನೆಗೆ ಹೋಗಿ ಒಂದೆರಡು ದಿನ ಇದನ್ನು ನೋಡುತ್ತಾ ಇರಿ’ ಎಂದರು. ಕಿವಿ ಚುಚ್ಚಿದ ಜಾಗವನ್ನೂ ಹೊಟ್ಟೆಯ ಮೇಲಿನ ಹಳೆಯ ಹೊಲಿಗೆಯ ಗುರುತುಗಳನ್ನೂ ಪರಿಶೀಲಿಸಿದರು, ಏಕೆಂದರೆ ಗಾಯ ಉಬ್ಬಿ ಕೀಲಾಯ್ಡ್ ಆಗುವ ಪ್ರವೃತ್ತಿಯುಳ್ಳವರು ಈ ಶಸ್ತ್ರಚಿಕಿತ್ಸೆಯ ಬಗ್ಗೆ ಎರಡು ಸಲ ಯೋಚಿಸಬೇಕು. ಸ್ತನ ಕ್ಯಾನ್ಸರ್ ಚಿಕಿತ್ಸೆಯಲ್ಲಿ ಕಂಕುಳಿನ ದುಗ್ಧರಸ ಗ್ರಂಥಿಗಳನ್ನು (ಲಿಂಫ್ ನೋಡ್) ತೆಗೆಸಿಕೊಂಡವರಿಗೆ ತೋಳು ಬಾತುಕೊಳ್ಳುವ ಅಪಾಯ ಹೆಚ್ಚಿರುವುದರಿಂದ ಅವರ ಲೆಕ್ಕವೇ ಬೇರೆ.

ಮುಂದೆ ಗರ್ಭ ಧರಿಸುವ ಆಲೋಚನೆ ಇದೆಯೇ, ಎತ್ತಿಕೊಳ್ಳಬೇಕಾದ ಮಗು ಮನೆಯಲ್ಲಿದೆಯೇ ಎಂದೂ ವಿಚಾರಿಸಿದರು. ನನ್ನ ಮಗನಿಗೆ ಆಗ ಎರಡು ವರ್ಷ. ನಾಲ್ಕರಿಂದ ಆರು ವಾರ ಭಾರ ಎತ್ತುವಂತಿಲ್ಲ ಎಂದರೆ ಅವನನ್ನೂ ಎತ್ತುವಂತಿಲ್ಲ ಎಂದೇ ಅರ್ಥ. ಹತ್ತು ತಿಂಗಳು ಕಳೆಯುವಷ್ಟರಲ್ಲಿ ಅವನು ತಾನೇ ಮೆಟ್ಟಿಲು ಹತ್ತುತ್ತಿದ್ದ, ನನ್ನ ತೂಕ 66ರಲ್ಲಿ ಆರು ತಿಂಗಳಿಂದ ನಿಂತಿತ್ತು, ಹಿಮೋಗ್ಲೋಬಿನ್ 12.4 ಆಗಿತ್ತು. ಬೇಸಿಗೆ ಕಳೆದ ಮೇಲೆ ದಿನಾಂಕ ಗೊತ್ತು ಮಾಡಿದೆವು; ಊತ ತಡೆಯಲು ತೋಳನ್ನು ಬಿಗಿಯಾಗಿ ಒತ್ತಿ ಹಿಡಿಯುವ ಕಂಪ್ರೆಷನ್ ತೋಳುಚೀಲವನ್ನು ವಾರಗಟ್ಟಲೆ ಹಾಕಿಕೊಂಡಿರಬೇಕಾದವರಿಗೆ ಋತುವೂ ಮುಖ್ಯ ಎಂಬುದು ನನ್ನ ಸ್ವಂತ ಅಭಿಪ್ರಾಯ.

ಪೂರ್ಣ ಅರಿವಳಿಕೆಯಲ್ಲಿ ನಡೆದ ಶಸ್ತ್ರಚಿಕಿತ್ಸೆಗೆ ಎರಡೂವರೆ ಗಂಟೆ ಹಿಡಿಯಿತು, ಮರುದಿನ ಮನೆಗೆ ಬಂದೆ. ಕಚೇರಿಯ ಕುಳಿತು ಮಾಡುವ ಕೆಲಸಕ್ಕೆ ಎರಡು ವಾರಗಳಲ್ಲಿ ಮರಳಿದೆ.

ನಾನು ಒಂದು ಅಂಕ ಕಡಿತಗೊಳಿಸಿರುವುದು ಆನಂತರದ ಆರೈಕೆಗಾಗಿ. ಕೊಟ್ಟ ಮುದ್ರಿತ ಸೂಚನೆಗಳಲ್ಲಿ ‘ವಿಶ್ರಾಂತಿ ಬೇಕು’ ಎಂದಷ್ಟೇ ಇತ್ತು. ತಲೆ ಬಾಚಿಕೊಳ್ಳಲು, ತಲೆಯ ಮೇಲಿಂದ ಬಟ್ಟೆ ಹಾಕಿಕೊಳ್ಳಲು, ಎತ್ತರದ ಕಪಾಟಿನಿಂದ ಪಾತ್ರೆ ತೆಗೆಯಲು ಮೊದಲ ವಾರಗಳಲ್ಲಿ ಇನ್ನೊಬ್ಬರ ಕೈ ಬೇಕಾಗುತ್ತದೆ ಎಂದು ಎಲ್ಲಿಯೂ ಇರಲಿಲ್ಲ. ಅಕ್ಕ ನನ್ನ ಜೊತೆಗಿದ್ದಳು. ಒಂಟಿಯಾಗಿ ಇರುವವರು ದಿನಾಂಕ ಆರಿಸುವ ಮೊದಲು ಆ ಕೈ ಯಾರದೆಂದು ನಿಶ್ಚಯಿಸಿಕೊಂಡಿರಬೇಕು. ತೋಳುಚೀಲವನ್ನು ಒಂದೇ ಅಳತೆಯದು ಕೊಟ್ಟಿದ್ದರಿಂದ ಊತ ಇಳಿದ ಮೇಲೆ ಅದು ಸಡಿಲವಾಯಿತು, ಬದಲಿಸಿಕೊಳ್ಳಲು ಮೂರು ಸಲ ಫೋನ್ ಮಾಡಬೇಕಾಯಿತು. ಮೂರನೇ ವಾರ ಬಲ ಕಂಕುಳ ಬಳಿ ಹೊಲಿಗೆ ಬೆರಳ ತುದಿಯಷ್ಟು ಬಿಟ್ಟುಕೊಂಡಿತು. ಚರ್ಮ ಸದಾ ಅಲುಗುವ, ಬೆವರುವ ಜಾಗವಾದ್ದರಿಂದ ಅಲ್ಲಿ ಹೀಗಾಗುವುದು ಸಾಮಾನ್ಯವೆಂದು ವೈದ್ಯರು ಅದೇ ದಿನ ನೋಡಿ ಸಮಾಧಾನ ಹೇಳಿದರು, ಡ್ರೆಸಿಂಗ್‌ನಿಂದಲೇ ಅದು ವಾಸಿಯಾಯಿತು. ಆದರೆ ಈ ಸಾಧ್ಯತೆಯನ್ನು ಮೊದಲೇ ತಿಳಿಸಿದ್ದರೆ ಆ ರಾತ್ರಿ ನಾನು ಅಷ್ಟು ಹೆದರುತ್ತಿರಲಿಲ್ಲ.

ಮೊದಲ ಆರು ತಿಂಗಳು ಗುರುತು ಕೆಂಪಾಗಿ ದಪ್ಪಗಿತ್ತು. ಅದರ ಮೇಲೆ ಸಿಲಿಕೋನ್ ಪಟ್ಟಿ ಬಳಸಿದೆ, ಬಿಸಿಲು ತಾಗದಂತೆ ಪೂರ್ತಿ ತೋಳಿನ ಅಂಗಿ ಹಾಕಿದೆ. ಗುರುತು ಪಕ್ವವಾಗಲು ಒಂದು ವರ್ಷದಿಂದ ಒಂದೂವರೆ ವರ್ಷ ಬೇಕಾಗುವುದರಿಂದ ಅದು ಇನ್ನೂ ಸ್ವಲ್ಪ ತೆಳುವಾಗಬಹುದು. ಸದ್ಯಕ್ಕೆ ತಿಳಿಗಂದು ಗೆರೆಯಾಗಿ ಉಳಿದಿದೆ, ತೋಳೆತ್ತಿದಾಗ ಮಾತ್ರ ಕಾಣುತ್ತದೆ. ಎಡ ಮುಂಗೈಯ ಒಳಬದಿಯಲ್ಲಿ ಅಂಗೈಯಗಲದಷ್ಟು ಜಾಗ ಇಂದಿಗೂ ಮರಗಟ್ಟಿದಂತಿದೆ. ಈ ಶಸ್ತ್ರಚಿಕಿತ್ಸೆಯಲ್ಲಿ ಅಲ್ಲಿನ ಸ್ಪರ್ಶನರಕ್ಕೆ ಪೆಟ್ಟಾಗಬಹುದೆಂದು ವೈದ್ಯರು ಮೊದಲ ಭೇಟಿಯಲ್ಲೇ ಹೇಳಿ, ಒಪ್ಪಿಗೆ ಪತ್ರದಲ್ಲಿ ಆ ಸಾಲಿನ ಕೆಳಗೆ ಗೆರೆ ಎಳೆದು ತೋರಿಸಿದ್ದರು. ಮುಂದಿನ ಭೇಟಿ 18ನೇ ತಿಂಗಳಲ್ಲಿದೆ. ಆಗ ಆ ಜಾಗವನ್ನು ಮತ್ತೆ ಪರೀಕ್ಷಿಸಲಿದ್ದಾರೆ.