ಮಣೂಕ ಕೊಟ್ಟು ಯುಎಸ್‌ಡಿಟಿ ತಗೊಂಡೆ. ನೀವು ತಗೋಬೇಡಿ

ವಿಜಯಪುರ ಜಿಲ್ಲೆಯಲ್ಲಿ ದ್ರಾಕ್ಷಿ ಬೆಳೆಯೋರು, ಮಣೂಕ (ಒಣದ್ರಾಕ್ಷಿ) ಮಾಡೋರು ದಯವಿಟ್ಟು ಇದನ್ನ ಪೂರ್ತಿ ಓದಿ. ಬರೀಬೇಕೋ ಬೇಡವೋ ಅಂತ ಎಂಟು ದಿನ ಒದ್ದಾಡಿದೆ. ಊರಾಗ ನಾಲ್ಕು ಮಂದಿ ನನ್ನ ಕೇಳಿ ವ್ಯವಹಾರ ಮಾಡ್ತಾರೆ, ನನಗೇ ಹಿಂಗಾಯ್ತು ಅಂತ ಹೇಳಕ್ಕೆ ನಾಚಿಕೆ. ಆದರೆ ನನ್ನ ಮಾಲು ತಗೊಂಡ ಅದೇ ವ್ಯಾಪಾರಿ ತಿಕೋಟಾ ಕಡೆ ಇನ್ನೊಬ್ಬರ ಶೆಡ್ಡಿಗೆ ಹೋಗಿ ಇದೇ ಮಾತಾಡಿದ್ದಾನೆ ಅಂತ ನಿನ್ನೆ ಗೊತ್ತಾಯ್ತು. ಇನ್ನು ಸುಮ್ನಿರೋದು ತಪ್ಪು.

100 ಬಾಕ್ಸ್ ಮಾಲು, ಬಾಕ್ಸಿಗೆ 15 ಕೆಜಿ. ಅಡತಿಗೆ ಹಾಕಿದ್ರೆ ಹೆಂಗೆ ಅಂತ ನಿಮಗೆ ಹೇಳಬೇಕಿಲ್ಲ. ಕಮಿಷನ್, ಹಮಾಲಿ, ಆಮೇಲೆ ರೊಕ್ಕಕ್ಕೆ ದಾರಿ ಕಾಯೋದು. ಇವನು ಶೆಡ್ಡಿಗೇ ಬಂದ. ಕೆಜಿಗೆ 200 ಅಂದ, ನನಗೆ ಬೇರೆಯವರು ಹೇಳಿದ್ದಕ್ಕಿಂತ 10 ರೂಪಾಯಿ ಜಾಸ್ತಿ. 3 ಲಕ್ಷ, ನಿಂತ ಜಾಗದಾಗ. "ಆದ್ರ ರೊಕ್ಕ ಯುಎಸ್‌ಡಿಟಿ ಒಳಗ ಹಾಕ್ತೀನ್ರಿ ಅಣ್ಣಾರ" ಅಂದ. ಅಂದ್ರೆ ಡಾಲರ್ ಬೆಲೆಗೆ ಕಟ್ಟಿರೋ, ಫೋನಿನಲ್ಲೇ ಇರೋ ಒಂದು ಕ್ರಿಪ್ಟೋ ನಾಣ್ಯ.

ನಾನು ಬೇಡ ಅಂದೆ. ಎರಡು ಸಲ ಬೇಡ ಅಂದೆ. "ಬಿಟ್‌ಕಾಯಿನ್ ಅಲ್ರಿ ಇದು, ಏರೂದಿಲ್ಲ ಇಳಿಯೂದಿಲ್ಲ. ಒಂದು ಅಂದ್ರ ಒಂದು ಡಾಲರ್. ಫೋನ್‌ಪೇ ಹೆಂಗೋ ಹಂಗ. ಡೀಸೆಲ್ ಹಾಕಸ್ರಿ, ಪಗಾರ ಕೊಡ್ರಿ, ಯಾರ್ ಬ್ಯಾಡ ಅಂತಾರ?" ಸುಪ್ರೀಂ ಕೋರ್ಟೇ ಒಪ್ಪೈತಿ ಅಂದ. ಎಲ್ ಸಾಲ್ವಡಾರ್ ದೇಶದಾಗ ಸರ್ಕಾರನ ಚಲಾವಣೆಗೆ ತಂದೈತಿ ಅಂದ. ಪಿಯುಸಿ ಓದೋ ನನ್ನ ಮಗನೂ ಹೌದು ಹೌದು ಅಂದ. ಒಂದಕ್ಕೆ 94 ರೂಪಾಯಿ ಹಿಡಿದು ಲೆಕ್ಕ ಹಾಕಿ, ನನ್ನ ಫೋನಿಗೆ ಅವನೇ ವಾಲೆಟ್ (ಆ ನಾಣ್ಯ ಇಡೋ ಆ್ಯಪ್) ಹಾಕಿಕೊಟ್ಟು, 3,191 ಕಳಿಸಿದ. ಕೈಗೆ ಇನ್ನೂ ಮಣೂಕದ ಅಂಟು ಇತ್ತು, ಸ್ಕ್ರೀನ್ ಮೇಲೆ ಹೆಬ್ಬೆರಳಿನ ಗುರುತು ಮೂಡಿತ್ತು. ಆ ಅಂಕಿ ನೋಡಿ ನಾನೇ ನಿಂತು ಗಾಡಿ ಲೋಡ್ ಮಾಡಿಸಿದೆ. ನಾನೇ.

ಮರುದಿನ ಬೆಳೆಗೆ ಹೊಡೆಯೋ ಔಷಧದ ಅಂಗಡಿಗೆ ಹೋದೆ. 46,000 ಬಾಕಿ ಇತ್ತು. ಹದಿನೈದು ವರ್ಷದ ಪರಿಚಯ. ಫೋನ್ ತೋರಿಸಿದೆ. ಕಾಕಾ ಚಸ್ಮಾ ಏರಿಸಿ ನೋಡಿ, "ಇದ್ಯಾವ ಬ್ಯಾಂಕಿಂದೋ ತಮ್ಮಾ? ಇದನ್ನ ತಗೊಂಡು ನಾ ಕಂಪನಿಗೆ ಏನ್ ಕಟ್ಲಿ?" ಅಂದರು. ಪೆಟ್ರೋಲ್ ಬಂಕಿನ ಹುಡುಗ ಮಾತೇ ಆಡಲಿಲ್ಲ, ಯುಪಿಐ ಸ್ಟಿಕ್ಕರ್ ಕಡೆ ಕೈ ತೋರಿಸಿದ.

ಕಾಕಾನ ಮಗನ ಹತ್ರ ಅಂಥದೇ ವಾಲೆಟ್ ಇದೆ ಅಂತ ಗೊತ್ತಾಯ್ತು. ಸರಿ, ಮೊದಲು 10 ಕಳಿಸಿ ನೋಡೋಣ ಅಂದೆ. ಹೋಗಲಿಲ್ಲ. ಟಿಆರ್‌ಎಕ್ಸ್ ಸಾಲದು ಅಂತ ಬಂತು. ವ್ಯಾಪಾರಿ ಕಳಿಸಿದ್ದು ಟ್ರಾನ್ ಅನ್ನೋ ನೆಟ್‌ವರ್ಕಿನಲ್ಲಿ, ಅಲ್ಲಿ ಕಳಿಸೋ ಶುಲ್ಕ ಯುಎಸ್‌ಡಿಟಿಯಲ್ಲಿ ಮುರಿಯಲ್ಲ, ಟಿಆರ್‌ಎಕ್ಸ್ ಅನ್ನೋ ಇನ್ನೊಂದು ನಾಣ್ಯ ಬೇಕು. 3,191 ಕಣ್ಣ ಮುಂದಿದೆ, 10 ಕೊಡಕ್ಕಾಗಲ್ಲ. ಅಂಗಡಿ ತುಂಬ ಗಿರಾಕಿ. ನನ್ನ ಮೈ ಬೆವರಿತು. ಅಲ್ಲಿಂದಲೇ ಅವನಿಗೆ ಫೋನ್ ಹಚ್ಚಿದೆ.

"ಅದು ನೆಟ್‌ವರ್ಕ್ ಫೀ ರೀ. ಟಿಆರ್‌ಎಕ್ಸ್ ಕೊಂಡುಕೋರಿ."

"ರೊಕ್ಕ ಖರ್ಚು ಮಾಡಾಕ ಇನ್ನೊಂದು ರೊಕ್ಕ ಕೊಳ್ಳಬೇಕೇನೋ?"

"ಸಿಸ್ಟಮ್ ಹಂಗೈತ್ರಿ ಅಣ್ಣಾರ."

ನಿನ್ನೆ ಶೆಡ್ಡಿನಾಗ ಇದನ್ನ ಯಾಕ ಹೇಳಲಿಲ್ಲ? ಕೇಳಿದೆ. "ನೀವ್ ಕೇಳಲಿಲ್ಲಲ್ರಿ" ಅಂದ. ಈ ಮಾತು ಈಗಲೂ ಕಿವಿಯಾಗ ಐತಿ.

ಇಂಥ ನಾಣ್ಯ ಕೊಳ್ಳೋ, ಮಾರೋ ಎಕ್ಸ್‌ಚೇಂಜಿನಲ್ಲಿ ಪ್ಯಾನ್, ಆಧಾರ್ ಎಲ್ಲ ಕೊಟ್ಟು, ಟಿಆರ್‌ಎಕ್ಸ್ ಕೊಂಡು, ಅಲ್ಲಿಗೆ ಸಾಗಿಸಿ, ಪಿ2ಪಿಯಲ್ಲಿ, ಅಂದ್ರೆ ಕೊಳ್ಳೋರಿಗೆ ನೇರವಾಗಿ, ಮಾರಕ್ಕೆ ಹೋದರೆ ಸಿಕ್ಕಿದ್ದು 89. ನನಗೆ ಹಾಕಿದ್ದು 94! 1,500 ಮಾರಿದೆ, 1,33,500 ಆಯ್ತು, ಅದರಲ್ಲಿ 1,335 ಟಿಡಿಎಸ್ ಹೋಯ್ತು. ರೊಕ್ಕ ಮೂರು ಖಾತೆಯಿಂದ ಬಂತು, ಮೂರೂ ಗುರುತಿಲ್ಲದ ಹೆಸರು. ಆಗಲೇ ನಿಲ್ಲಿಸಬೇಕಿತ್ತು.

ನಾಲ್ಕನೇ ದಿನ ಶನಿವಾರ, ಮಣೂಕ ಆರಿಸೋ ಹೆಣ್ಮಕ್ಕಳ ಪಗಾರ. ಎಟಿಎಮ್ಮಿನಲ್ಲಿ ರೊಕ್ಕ ಬರಲಿಲ್ಲ. ಬ್ಯಾಂಕಿಗೆ ಹೋದರೆ ಖಾತೆ ಹೋಲ್ಡ್. ಆ ಮೂವರಲ್ಲಿ ಒಬ್ಬನ ಖಾತೆಯಿಂದ ಬಂದದ್ದು ಯಾರೋ ಆನ್‌ಲೈನ್ ಮೋಸದಲ್ಲಿ ಕಳಕೊಂಡ ರೊಕ್ಕವಂತೆ, ಬೇರೆ ರಾಜ್ಯದ ಸೈಬರ್ ಠಾಣೆಯಲ್ಲಿ ದೂರು. "ನಿಮ್ಮದು ತಪ್ಪಿಲ್ಲ ಅಂತ ನೀವು ಆ ಠಾಣೆಗೇ ಹೇಳಬೇಕ್ರಿ, ನಮ್ಮ ಕೈಯಾಗ ಏನೂ ಇಲ್ಲ" ಅಂದರು ಮ್ಯಾನೇಜರ್. ಕಳ್ಳನ ಸಾಲಿನಲ್ಲಿ ನನ್ನ ಹೆಸರು! 14 ಮಂದಿ ಶೆಡ್ಡಿನ ಮುಂದೆ ಕೂತಿದ್ರು. "ನಾಳೆ ಬರ್ಲೇನ ಅಣ್ಣಾ?" ಅಂತ ಒಬ್ಬಾಕೆ ಕೇಳಿದಳು. ಹೆಂಡತಿಯ ಬಳೆ ಅಡ ಇಟ್ಟು ಪಗಾರ ಕೊಟ್ಟೆ.

ಅವನಿಗೆ ವಾಟ್ಸಾಪ್ ಮಾಡಿದೆ. "ಮಾಲ್ ನನಗ ಮುಟ್ಟೈತಿ, ಯುಎಸ್‌ಡಿಟಿ ನಿಮಗ ಮುಟ್ಟೈತಿ. ನೀವು ಯಾರಿಗೆ ಮಾರಿದ್ರೋ ನನಗೇನ್ ಗೊತ್ತು?" ಇಷ್ಟೇ ಉತ್ತರ. ಅದಾದ ಮೇಲೆ ನೀಲಿ ಗೆರೆ ಮೂಡ್ತವೆ, ಉತ್ತರ ಇಲ್ಲ.

ಅವನು ಹೇಳಿದ್ದೆಲ್ಲ ಆಮೇಲೆ ಕೂತು ವಿಚಾರಿಸಿದೆ. ಸುಪ್ರೀಂ ಕೋರ್ಟ್ 2020ರ ಮಾರ್ಚಿನಲ್ಲಿ ರದ್ದು ಮಾಡಿದ್ದು ಕ್ರಿಪ್ಟೋ ವ್ಯವಹಾರಕ್ಕೆ ಬ್ಯಾಂಕ್ ಸೇವೆ ಕೊಡಬಾರದು ಅಂತ ರಿಸರ್ವ್ ಬ್ಯಾಂಕ್ 2018ರಲ್ಲಿ ಹೊರಡಿಸಿದ್ದ ಸುತ್ತೋಲೆಯನ್ನ. ಇದು ಎಲ್ಲರೂ ತಗೊಳ್ಳಲೇಬೇಕಾದ ರೊಕ್ಕ ಅಂತ ಕೋರ್ಟ್ ಹೇಳಿಲ್ಲ. ಅಂಗಡಿಯವ ಬೇಡ ಅಂದ್ರೆ ಮುಗೀತು. ಎಲ್ ಸಾಲ್ವಡಾರ್ 2021ರಲ್ಲಿ ತಂದದ್ದು ಬಿಟ್‌ಕಾಯಿನ್, ಅವನೇ "ಇದು ಅದಲ್ಲ" ಅಂದ ಬಿಟ್‌ಕಾಯಿನ್! ವ್ಯಾಪಾರಿಗಳು ಅದನ್ನ ತಗೊಳ್ಳಲೇಬೇಕು ಅನ್ನೋ ನಿಯಮವನ್ನ ಅವರೇ 2025ರ ಜನವರಿಯಲ್ಲಿ ತೆಗೆದರು. ನಮ್ಮಲ್ಲಿ 2022ರ ಏಪ್ರಿಲ್ 1ರಿಂದ ಇಂಥ ನಾಣ್ಯದ ಲಾಭಕ್ಕೆ 30% ತೆರಿಗೆ, ಒಂದರಲ್ಲಾದ ನಷ್ಟ ಇನ್ನೊಂದರ ಲಾಭದಲ್ಲಿ ಕಳೆಯೋ ಹಾಗಿಲ್ಲ, ಜುಲೈ 1ರಿಂದ 1% ಟಿಡಿಎಸ್. ಇದರಲ್ಲಿ ಚಹಾದ ರೊಕ್ಕ ಕೊಟ್ಟರೂ ವರ್ಗಾವಣೆ ಅಂತಲೇ ಲೆಕ್ಕ, ಬರೆದಿಟ್ಟುಕೋ ಅಂದರು ನಮ್ಮ ಸಿಎ. ದಿನಾ ನೂರು ಕಡೆ ಕೊಡೋ ರೊಕ್ಕವನ್ನ ಯಾರು ಹಿಂಗೆ ಬರೆದಿಡ್ತಾರೆ?

ಮಾಲು ಕೊಟ್ಟರೆ ರೊಕ್ಕ ಬ್ಯಾಂಕಿಗೆ ಬರಲಿ, ಇಲ್ಲ ಅಡತಿಗೇ ಹಾಕಿ, ತಡವಾದ್ರೂ ಚಿಂತೆ ಇಲ್ಲ. ಈಗಾಗಲೇ ತಗೊಂಡಿದ್ದರೆ ಗುರುತಿಲ್ಲದವರಿಗೆ ಪಿ2ಪಿಯಲ್ಲಿ ಮಾರಬೇಡಿ. ಪಗಾರ, ಸಾಲದ ಕಂತು ಹೋಗೋ ಖಾತೆಯನ್ನಂತೂ ಅದಕ್ಕೆ ಜೋಡಿಸಲೇಬೇಡಿ.

ಉಳಿದ 1,691 ಇನ್ನೂ ಫೋನಿನಲ್ಲೇ ಇದೆ, ಮುಟ್ಟಕ್ಕೆ ಭಯ. ದೂರಿನ ನಂಬರ್ ಬ್ಯಾಂಕಿನವರು ಕೊಟ್ಟಿದ್ದಾರೆ. ಗಾಡಿ ನಂಬರ್, ತೂಕದ ಚೀಟಿ, ಅವನ ಮೆಸೇಜ್ ಎಲ್ಲ ಸೇರಿಸಿ ಸೋಮವಾರ ಆ ಠಾಣೆಗೆ ಕಳಿಸ್ತೀನಿ. ಹಿಂಗೆ ಖಾತೆ ಹೋಲ್ಡ್ ಆಗಿ ಬಿಡಿಸಿಕೊಂಡವರು ನಮ್ಮ ಜಿಲ್ಲೆಯಲ್ಲಿ ಯಾರಾದರೂ ಇದ್ದರೆ, ಅರ್ಜಿ ಹೆಂಗೆ ಬರೆದಿರಿ, ಎಷ್ಟು ದಿನ ಹಿಡೀತು, ದಯವಿಟ್ಟು ಹೇಳಿ.